ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?



ಈ ಬಾರಿ ಶಾಲೆಯ ವಾರ್ಷಿಕೋತ್ಸವಗಳ ನೆನಪನ್ನು ಬರೆಯಬೇಕೆಂದುಕೊಂಡಿದ್ದೆ. ಅದು ಮುಂದಿನ ಸಲಕ್ಕಿರಲಿ. ಕಳೆದ ತಿಂಗಳು ಇಲ್ಲಿಯೇ, ನಮ್ಮ ಪಡೀಲಿನಲ್ಲಿ, ಬಳಗದ ಒಂದು ಮನೆಯ ಬಯಕೆ ಸಮಾರಂಭದಲ್ಲಿ ಕೇಳಿದ ಮಾತೊಂದು ನನ್ನನ್ನು ಇಂದಿಗೂ ಚುಚ್ಚುತ್ತಿದೆ. ಅದನ್ನು ಹೇಳಿ ಮುಗಿಸದೆ ಬೇರೇನನ್ನೂ ಬರೆಯಲಾರೆ.

ಏಳು ತಿಂಗಳ ಗರ್ಭಿಣಿ. ಹಸಿರು ಸೀರೆ, ಕೈತುಂಬ ಬಳೆ, ತಲೆತುಂಬ ಮಲ್ಲಿಗೆ. ಆದರೆ ಉಡಿ ತುಂಬುವಾಗ ನಾನು ಹಿಡಿದ ಆ ಕೈಗಳ ಉಗುರುಗಳಲ್ಲಿ ಕೆಂಪು ಇರಲಿಲ್ಲ; ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ನೀರು ಕುಡಿಯಲು ಅಡುಗೆಮನೆಗೆ ಹೋದವಳಿಗೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಕಬ್ಬಿಣದ ಮಾತ್ರೆಯ ಹಾಳೆಗಳು ಕಂಡವು. ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ. “ಇದೇಕೆ ಹೀಗೆ ಇಟ್ಟಿದ್ದೀರಿ?” ಎಂದು ಕೇಳಿದೆ. ಅಲ್ಲಿದ್ದ ಹಿರಿಯರೊಬ್ಬರು ನಕ್ಕು ಹೇಳಿದರು: “ಅದನ್ನು ನುಂಗಿದರೆ ಮಗು ಕಪ್ಪಾಗುತ್ತದಂತೆ ಮಾರಾಯ್ತಿ. ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಹೆರಲಿಲ್ಲವೇ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವಳು ಹೇಳಬೇಕಾದ ಸಮಯದಲ್ಲಿ ಬಾಯಿ ಮುಚ್ಚಿಕೊಂಡು ಹೋಳಿಗೆ ತಿಂದು ಮನೆಗೆ ಬಂದೆ. ಅಂದಿನ ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಇದನ್ನು ಬರೆಯುತ್ತಿದ್ದೇನೆ. ಓದಿ ಯಾರಿಗಾದರೂ ನೋವಾದರೆ ಕ್ಷಮೆಯಿರಲಿ. ಆದರೆ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ.

ಮೊದಲನೆಯದಾಗಿ, “ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ” ಎಂಬುದೇ ಸುಳ್ಳು. ಭಾರತ ಸರ್ಕಾರವು ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ಕಾರ್ಯಕ್ರಮವನ್ನು ಆರಂಭಿಸಿದ್ದು 1970ರಲ್ಲಿ. ನನ್ನ ಮೊದಲ ಮಗು ಹುಟ್ಟಿದ್ದು 1977ರಲ್ಲಿ. ಆರೋಗ್ಯ ಕೇಂದ್ರದ ದಾದಿ ಮನೆಯ ಜಗಲಿಗೇ ಬಂದು ಮಾತ್ರೆ ಕೊಟ್ಟು ಹೋಗುತ್ತಿದ್ದರು. ನಾನು ಅವನ್ನು ಏನು ಮಾಡಿದೆನೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ತೆಂಗಿನ ಮರದ ಬುಡಕ್ಕೆ ಎಸೆದೆ! ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಅತ್ತೆಯವರಿಗೂ ಅದು ಬೇಡವಾಗಿತ್ತು. ಕೇಳುವವರು ಯಾರೂ ಇರಲಿಲ್ಲ. ಟಿ.ಸಿ.ಎಚ್. ಮುಗಿಸಿ, ಮಕ್ಕಳಿಗೆ ಆರೋಗ್ಯದ ಪಾಠ ಹೇಳುತ್ತಿದ್ದ ಶಿಕ್ಷಕಿಯ ಬುದ್ಧಿ ಅಷ್ಟು! ಮಗು ಹುಟ್ಟಿದಾಗ ಎರಡು ಕಿಲೋಗಿಂತ ತುಸು ಹೆಚ್ಚಿತ್ತು, ಅಷ್ಟೇ. ಮಾತ್ರೆ ಎಸೆದುದರಿಂದಲೇ ಹಾಗಾಯಿತೆಂದು ಹೇಳಲಾರೆ. ಆಗಲಿಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ. ಆದುದರಿಂದ ಹಿರಿಯರೇ, ನಮ್ಮ ಕಾಲದಲ್ಲಿ ಮಾತ್ರೆ ಇತ್ತು. ನಾವು ನುಂಗಲಿಲ್ಲ.

ರೋಗವಂತೂ ಅದಕ್ಕೂ ಮೊದಲೇ ಇತ್ತು. ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ವೈದ್ಯೆ 1928ರಲ್ಲಿ ಬೊಂಬಾಯಿಗೆ ಬಂದದ್ದೇ ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಲಿಕ್ಕಾಗಿ. ಆಕೆ ಅಲ್ಲಿ ನಡೆಸಿದ ಸಂಶೋಧನೆಯ ಜಾಡು ಹಿಡಿದು ಮುಂದೆ ಫೋಲಿಕ್ ಆಮ್ಲ ಪತ್ತೆಯಾಯಿತು. ಇಂದು ಕಬ್ಬಿಣದ ಜೊತೆಗೆ ಅದೇ ಮಾತ್ರೆಯಲ್ಲಿ ಸೇರಿಕೊಂಡು ಫ್ರಿಜ್ಜಿನ ಮೇಲೆ ಕುಳಿತಿರುವುದು ಅದೇ ಫೋಲಿಕ್ ಆಮ್ಲ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಬೊಂಬಾಯಿಯ ದುಡಿಮೆಯಿಂದಲೇ ಬದುಕಿದ ಆ ಕಾಲದಲ್ಲಿ, ಅಲ್ಲಿನ ಬಸುರಿಯರು ರಕ್ತವಿಲ್ಲದೆ ಸಾಯುತ್ತಿದ್ದರು.

“ನಾವು ಹೆರಲಿಲ್ಲವೇ?” ಎಂಬ ಪ್ರಶ್ನೆಯನ್ನು ಕೇಳಲು ಸಾಧ್ಯವಾಗುವುದು ಹೆತ್ತು ಬದುಕಿದವರಿಗೆ ಮಾತ್ರ. ನನ್ನ ಚಿಕ್ಕಮ್ಮ ಆ ಪ್ರಶ್ನೆ ಕೇಳಲಾರರು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಮೂರನೆಯ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. “ಅವಳ ಆಯುಷ್ಯ ಅಷ್ಟೇ” ಎಂದರು. ಮೊದಲೇ ರಕ್ತ ಕಡಿಮೆಯಿರುವ ದೇಹವು ಹೆರಿಗೆಯ ರಕ್ತಸ್ರಾವವನ್ನು ತಾಳಿಕೊಳ್ಳಲಾರದೆಂದು ಅಂದು ನಮಗೆ ಹೇಳುವವರಿರಲಿಲ್ಲ. ನಮ್ಮ ಕಾಲವನ್ನು ಹೊಗಳುವಾಗ ಸತ್ತವರನ್ನು ಲೆಕ್ಕದಿಂದ ಬಿಡುವುದು ನ್ಯಾಯವಲ್ಲ. 2018-20ರ ಅವಧಿಯಲ್ಲಿ ಲಕ್ಷ ಜೀವಂತ ಜನನಗಳಿಗೆ ಭಾರತದಲ್ಲಿ 97, ಕರ್ನಾಟಕದಲ್ಲಿ 69 ತಾಯಂದಿರು ಸತ್ತರು. ಸಂಖ್ಯೆ ಇಷ್ಟಕ್ಕೆ ಇಳಿದದ್ದು ಆಸ್ಪತ್ರೆ, ರಕ್ತನಿಧಿ, ದಾದಿಯರು, ಆಶಾ ಕಾರ್ಯಕರ್ತೆಯರಿಂದ. ನಮ್ಮ ಕಾಲದ ನೆನಪುಗಳಿಂದಲ್ಲ.

ಇನ್ನು ಮಗುವಿನ ವಿಷಯ. ಇದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದಂತೆಯೇ ಹೇಳುತ್ತೇನೆ, ಸ್ವಲ್ಪ ಗಮನವಿಟ್ಟು ಕೇಳಿ.

ದೂರದ ಪ್ರಯಾಣಕ್ಕೆ ಹೊರಟವರಿಗೆ ತಾಯಿ ಬುತ್ತಿ ಕಟ್ಟಿಕೊಡುವುದಿಲ್ಲವೇ? ಹುಟ್ಟಲಿರುವ ಮಗುವಿಗೂ ತಾಯಿ ಒಂದು ಬುತ್ತಿ ಕಟ್ಟುತ್ತಾಳೆ. ಅದು ಕಬ್ಬಿಣದ ಬುತ್ತಿ. ಒಂದು ಬಸಿರಿಗೆ ಒಟ್ಟು ಸುಮಾರು ಒಂದು ಗ್ರಾಂ ಕಬ್ಬಿಣ ಹೆಚ್ಚುವರಿಯಾಗಿ ಬೇಕು: ತಾಯಿಯ ರಕ್ತ ಹೆಚ್ಚಲು ಒಂದು ಪಾಲು, ಮಗು ಮತ್ತು ಮಾಸಿಗೆ ಇನ್ನೊಂದು ಪಾಲು, ಉಳಿದದ್ದು ನಿತ್ಯದ ನಷ್ಟಕ್ಕೆ. ಮಗುವಿನ ಪಾಲಿನಲ್ಲಿ ಹೆಚ್ಚಿನ ಭಾಗವು ಅದಕ್ಕೆ ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಅಂದರೆ ನಾವು ಬಯಕೆಯ ಊಟ ಉಣ್ಣುವ ಆ ದಿನಗಳಿಂದಲೇ ಬುತ್ತಿ ಕಟ್ಟುವ ಕೆಲಸ ಭರದಿಂದ ಸಾಗುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಅರ್ಧ ಬುತ್ತಿಯೊಂದಿಗೆ ಬರುವುದು ಇದೇ ಕಾರಣಕ್ಕೆ.

ಹುಟ್ಟಿದ ಮೇಲೆ ಎದೆಹಾಲು. ಅದಕ್ಕಿಂತ ಶ್ರೇಷ್ಠವಾದ ಆಹಾರ ಶಿಶುವಿಗೆ ಬೇರೊಂದಿಲ್ಲ. ಆದರೆ ಎದೆಹಾಲಿನಲ್ಲಿ ಕಬ್ಬಿಣ ತೀರಾ ಅಲ್ಪ. ಇರುವಷ್ಟು ಚೆನ್ನಾಗಿ ಜೀರ್ಣವಾಗುತ್ತದೆ, ಅಷ್ಟೇ. ಪ್ರಕೃತಿಯ ಲೆಕ್ಕಾಚಾರವೇ ಹಾಗೆ: ಮೊದಲ ನಾಲ್ಕಾರು ತಿಂಗಳು ಮಗು ಬುತ್ತಿಯನ್ನು ಬಿಚ್ಚಿ ಉಣ್ಣಬೇಕು, ಆರನೆಯ ತಿಂಗಳಿಗೆ ಅನ್ನದ ರುಚಿ ಕಾಣಬೇಕು. ಬುತ್ತಿಯೇ ಖಾಲಿಯಿದ್ದರೆ? ಮಗು ಅಳುವುದಿಲ್ಲ, ಜ್ವರ ಬರುವುದಿಲ್ಲ, ದಪ್ಪಗೂ ಕಾಣಬಹುದು. ಆದರೆ ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ಆ ಕಾಲದಲ್ಲಿಯೇ ಅದಕ್ಕೆ ಬೇಕಾದ ಲೋಹ ಸಿಗುವುದಿಲ್ಲ.

“ಮಗು ತನಗೆ ಬೇಕಾದುದನ್ನು ತಾಯಿಯಿಂದ ಹೇಗಾದರೂ ಸೆಳೆದುಕೊಳ್ಳುತ್ತದೆ” ಎನ್ನುವವರಿದ್ದಾರೆ. ಸ್ವಲ್ಪ ಮಟ್ಟಿಗೆ ಅದು ನಿಜ. ಆದರೆ ಬತ್ತಿದ ಬಾವಿಯಿಂದ ಎಷ್ಟು ಸೇದಬಹುದು? ನಮ್ಮದೇ ರಾಜ್ಯದ ಗ್ರಾಮಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡಾ 75ರಷ್ಟು ಮಕ್ಕಳಿಗೆ ರಕ್ತಹೀನತೆಯಿತ್ತು. ಮಗುವಿನ ಹಿಮೋಗ್ಲೋಬಿನ್ ಯಾವುದರೊಂದಿಗೆ ತಳುಕು ಹಾಕಿಕೊಂಡಿದೆಯೆಂದು ನೋಡಿದಾಗ ಮಗುವಿನ ಸ್ವಂತ ಕಬ್ಬಿಣಾಂಶ, ಮನೆಯ ಬಡತನ ಇವುಗಳ ಜೊತೆಯಲ್ಲಿ ತಾಯಿಯ ಹಿಮೋಗ್ಲೋಬಿನ್ ಕೂಡ ಕಂಡಿತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಾವು ನಡತೆಗೆ ಅನ್ವಯಿಸುತ್ತೇವೆ. ರಕ್ತಕ್ಕೂ ಅದು ಅನ್ವಯಿಸುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆಯಿರುವವರು 2015-16ರಲ್ಲಿ ಶೇಕಡಾ 60.9 ಇದ್ದರು, 2019-21ರಲ್ಲಿ ಶೇಕಡಾ 65.5 ಆದರು. ಗರ್ಭಿಣಿಯರಲ್ಲಿ ಶೇಕಡಾ 45.4 ಇದ್ದುದು ಶೇಕಡಾ 45.7 ಆಯಿತು. ಬೆರಳು ಚುಚ್ಚಿ ತೆಗೆದ ಹನಿ ರಕ್ತದ ಪರೀಕ್ಷೆಯಲ್ಲಿ ಸಂಖ್ಯೆ ಹೆಚ್ಚಾಗಿ ಕಾಣುತ್ತದೆಂದು ತಜ್ಞರಲ್ಲಿ ಕೆಲವರ ಆಕ್ಷೇಪ. ಆಗಬಹುದು. 2016-18ರಲ್ಲಿ ರಕ್ತನಾಳದಿಂದಲೇ ರಕ್ತ ತೆಗೆದು ನಡೆಸಿದ ರಾಷ್ಟ್ರಮಟ್ಟದ ಇನ್ನೊಂದು ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಶೇಕಡಾ 41 ಮಂದಿಗೆ ರಕ್ತಹೀನತೆ ಕಂಡಿತು. ಮೂರರಲ್ಲಿ ಇಬ್ಬರೋ, ಐವರಲ್ಲಿ ಇಬ್ಬರೋ ಎಂದು ವಿದ್ವಾಂಸರು ವಾದಿಸಲಿ. ನನಗೆ ಎರಡೂ ನಾಚಿಕೆಯ ಸಂಖ್ಯೆಗಳೇ.

ಇಲ್ಲಿ ನನ್ನ ಇನ್ನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಳೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ನೆನಪಿದ್ದೀತು. 1980ರ ದಶಕದಲ್ಲಿ ಮೂರನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಮನೆಯಲ್ಲಿ ತಾಯಿ ಬೀಡಿ ಕಟ್ಟುತ್ತಿದ್ದರು, ಮಗಳೂ ರಾತ್ರಿ ಎಲೆ ಕತ್ತರಿಸಿ ಕೊಡುತ್ತಿದ್ದಳು. ತರಗತಿಯಲ್ಲಿ ತೂಕಡಿಸುತ್ತಿದ್ದಳು. ಅದಕ್ಕಿಂತಲೂ ನನಗೆ ಸಿಟ್ಟು ಬರಿಸುತ್ತಿದ್ದುದು ಆಕೆ ಸ್ಲೇಟಿನ ಕಡ್ಡಿಯನ್ನು ಕಚ್ಚಿ ಕಚ್ಚಿ ತಿನ್ನುತ್ತಿದ್ದುದು. “ಕಡ್ಡಿ ಬರೆಯಲಿಕ್ಕೋ ತಿನ್ನಲಿಕ್ಕೋ?” ಎಂದು ಇಡೀ ತರಗತಿಯ ಎದುರು ನಗೆಪಾಟಲು ಮಾಡಿದೆ, ಕೈಗೆ ಬೆತ್ತದಿಂದ ಹೊಡೆದೆ, ಬಾಗಿಲ ಬಳಿ ನಿಲ್ಲಿಸಿದೆ. ನಿಮ್ಮಲ್ಲಿ ಕೆಲವರು ನಕ್ಕಿರಿ. ತಪ್ಪು ನಿಮ್ಮದಲ್ಲ, ನಗಿಸಿದವಳು ನಾನು. ಮಣ್ಣು, ಕಡ್ಡಿ, ಹಸಿ ಅಕ್ಕಿ, ಬೂದಿ ಇಂತಹವುಗಳನ್ನು ತಿನ್ನುವ ಚಪಲವು ಅನೇಕ ವೇಳೆ ಕಬ್ಬಿಣದ ಕೊರತೆಯ ಲಕ್ಷಣವೆಂದು ನಾನು ಓದಿ ತಿಳಿದದ್ದು ನಿವೃತ್ತಿಯ ಬಳಿಕ. ರಕ್ತವಿಲ್ಲದ ಮಗುವಿಗೆ ನಾನು ಕೊಟ್ಟದ್ದು ಬೆತ್ತದ ಏಟು. ಆಕೆ ಐದನೆಯ ತರಗತಿಗೆ ಶಾಲೆ ಬಿಟ್ಟಳು.

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಬೆಟ್ಸಿ ಲೋಝೋಫ್ ಮತ್ತು ಸಂಗಡಿಗರು, ಶೈಶವದಲ್ಲಿ ತೀವ್ರವಾದ ಕಬ್ಬಿಣದ ಕೊರತೆಯಿದ್ದ ಮಕ್ಕಳನ್ನು ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ 2000ನೆಯ ಇಸವಿಯಲ್ಲಿ ಫಲಿತಾಂಶ ಪ್ರಕಟಿಸಿದರು. ಶೈಶವದಲ್ಲಿಯೇ ಚಿಕಿತ್ಸೆ ದೊರೆತಿದ್ದರೂ ಆ ಮಕ್ಕಳು ಲೆಕ್ಕದಲ್ಲಿ, ಬರವಣಿಗೆಯಲ್ಲಿ ಓರಗೆಯವರಿಗಿಂತ ಹಿಂದೆ ಇದ್ದರು. ಇದನ್ನು ಓದಿದ ದಿನ ನಾನು “ದಡ್ಡ”, “ಸೋಮಾರಿ” ಎಂದು ಕರೆದ ಒಂದೊಂದೇ ಮುಖ ಕಣ್ಣೆದುರು ಬಂದಿತು. ಶಾಲೆಯ ಬಾಗಿಲಿಗೆ ಬರುವ ಮೊದಲೇ ಎಷ್ಟು ಮಕ್ಕಳ ಪಾಠ ಅರ್ಧ ಕಳೆದುಹೋಗಿತ್ತೋ!

ಹಾಗಾದರೆ ತಪ್ಪು ಯಾರದು? “ಈಗಿನ ಹುಡುಗಿಯರು ಸರಿಯಾಗಿ ತಿನ್ನುವುದಿಲ್ಲ” ಎಂದು ತಾಯಿಯ ತಲೆಗೆ ಕಟ್ಟುವುದು ಎಲ್ಲಕ್ಕಿಂತ ಸುಲಭ. ಅದನ್ನು ನಾನು ಒಪ್ಪುವುದಿಲ್ಲ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ, ಮೀನಿನ ತುಂಡು ಮುಗಿದು ಸಾರು ಮಾತ್ರ ಉಳಿದ ಮೇಲೆ ಊಟಕ್ಕೆ ಕೂರುವವರು ಯಾರು? ಬಾಣಂತಿಗೆ ಸೊಪ್ಪು ಬೇಡ, ಮೀನು ಬೇಡ, ಬೇಳೆ ವಾಯು ಎಂದು ಪಥ್ಯದ ಹೆಸರಿನಲ್ಲಿ ತಟ್ಟೆಯನ್ನು ಬರಿದು ಮಾಡುವವರು ಯಾರು? ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ರಕ್ತ ಕೊಡುವ ಆಹಾರವನ್ನೇ ನಿಷೇಧಿಸುವ ಈ ಶಾಸ್ತ್ರ ಯಾವುದು? ಬಸುರಿಯ ಬಯಕೆ ತೀರಿಸಲು ಏಳು ಬಗೆಯ ಭಕ್ಷ್ಯ ಮಾಡುವ ನಾವು, ಆಕೆ ಕದ್ದು ಹಸಿ ಅಕ್ಕಿ ತಿಂದರೆ “ಬಯಕೆ” ಎಂದು ನಕ್ಕು ಸುಮ್ಮನಾಗುತ್ತೇವೆ. ಅದು ದೇಹದ ಮೊರೆಯಿರಬಹುದೆಂದು ಯೋಚಿಸುವುದಿಲ್ಲ.

ಮಾತ್ರೆಯ ಬಗೆಗಿನ ಅಪವಾದಗಳನ್ನೂ ಒಂದೊಂದಾಗಿ ನೋಡೋಣ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ವಂಶವಾಹಿಯಾಗಿ ಬರುತ್ತದೆ. ಮಾತ್ರೆಯಿಂದ ಕಪ್ಪಾಗುವುದು ತಾಯಿಯ ಮಲ ಮಾತ್ರ, ಅದರಿಂದ ಯಾವ ಹಾನಿಯೂ ಇಲ್ಲ. (ಕಪ್ಪಾದರೆ ತಾನೇ ಏನು ಕೊರತೆ ಎಂಬುದು ಇನ್ನೊಂದು ಬರಹಕ್ಕಾಗುವ ವಿಷಯ!) ವಾಕರಿಕೆ, ಮಲಬದ್ಧತೆ ಆಗುವುದು ನಿಜ, ನನಗೂ ಆಗಿತ್ತು. ಅದಕ್ಕೆ ಪರಿಹಾರ ರಾತ್ರಿ ಮಲಗುವ ಮುನ್ನ ನುಂಗುವುದು, ವೈದ್ಯರಿಗೆ ತಿಳಿಸಿ ಬೇರೆ ಮಾತ್ರೆ ಕೇಳುವುದು. ತೆಂಗಿನ ಬುಡಕ್ಕೆ ಎಸೆಯುವುದಲ್ಲ. ಊಟವಾದ ಕೂಡಲೇ ಚಹಾ ಕುಡಿಯುವ ನಮ್ಮ ಅಭ್ಯಾಸ ಕಬ್ಬಿಣಕ್ಕೆ ದೊಡ್ಡ ಶತ್ರು. ಒಂದೆರಡು ಗಂಟೆ ತಡೆಯಿರಿ. ಸುಣ್ಣದ ಮಾತ್ರೆ, ಅಂದರೆ ಕ್ಯಾಲ್ಸಿಯಂ, ಬೇರೆ ಹೊತ್ತಿಗೆ ಇರಲಿ. ಲಿಂಬೆ, ಪೇರಳೆ, ನೆಲ್ಲಿಕಾಯಿ ಕಬ್ಬಿಣವನ್ನು ದೇಹಕ್ಕೆ ಸೇರಿಸುವ ಗೆಳೆಯರು. ಬಸಳೆ, ಹರಿವೆ, ಹುರುಳಿ ಒಳ್ಳೆಯವೇ; ಆದರೆ ಸೊಪ್ಪು ಕಾಳುಗಳ ಕಬ್ಬಿಣದಲ್ಲಿ ದೇಹಕ್ಕೆ ದಕ್ಕುವುದು ಸ್ವಲ್ಪ ಮಾತ್ರ. ಮೀನು ಮಾಂಸ ತಿನ್ನುವವರಿಗೆ ಬೂತಾಯಿ, ಮರುವಾಯಿ ಹೆಚ್ಚು ಸಹಾಯ ಮಾಡುತ್ತವೆ. ರಾಗಿ ಮಣ್ಣಿಯೊಂದೇ ಸಾಕೆಂದು ನಂಬಿದ ಅಜ್ಜಿಯರಿಗೆ ಒಂದು ಮಾತು: ರಾಗಿಯ ದೊಡ್ಡ ಗುಣ ಸುಣ್ಣಾಂಶ, ಅದರ ಕಬ್ಬಿಣವನ್ನು ಅದರಲ್ಲಿಯೇ ಇರುವ ಫೈಟೇಟ್ ತಡೆಹಿಡಿಯುತ್ತದೆ. ಮಣ್ಣಿ ಕೊಡಿ, ಜೊತೆಗೆ ಬೇರೆಯದನ್ನೂ ಕೊಡಿ. ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಕೊಕ್ಕೆಹುಳ, ಥಲಸ್ಸೀಮಿಯಾ ಕೂಡ ಇರಬಹುದು. ಆದುದರಿಂದ ರಕ್ತಪರೀಕ್ಷೆ ಮಾಡಿಸದೆ ನನ್ನ ಮಾತನ್ನೇ ವೈದ್ಯವೆಂದು ತಿಳಿಯಬೇಡಿ.

ಸರ್ಕಾರವನ್ನೂ ಬಿಡುವಂತಿಲ್ಲ. ನಮ್ಮ ಊರಿನವರಿಗೆ ಕಬ್ಬಿಣದ ಲೆಕ್ಕ ಹೊಸದಲ್ಲ. ಕುದುರೆಮುಖದ ಅದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಅಲ್ಲಿನ ಗಣಿ ನಿಂತಿತು. 2006ರಲ್ಲಿ ಹಾಸನದ ಹಳಿ ಬ್ರಾಡ್‌ಗೇಜ್ ಆದ ಮೇಲೆ ಅದಿರು ತುಂಬಿದ ಗೂಡ್ಸ್ ರೈಲುಗಳು ಇದೇ ಪಡೀಲಿನ ಮೂಲಕ ಬಂದರಿಗೆ ಹೋದವು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ತಡೆಯುವವರೆಗೂ ಅವುಗಳ ಸದ್ದು ರಾತ್ರಿ ನಿದ್ದೆ ಕೆಡಿಸುತ್ತಿತ್ತು. ಆ ಕಬ್ಬಿಣವನ್ನು ಟನ್ನುಗಟ್ಟಲೆ ತೂಗಿ, ಬರೆದು, ಸಹಿ ಹಾಕಿ ಹಡಗಿಗೇರಿಸಿದರು. ಆದರೆ ಒಬ್ಬ ಬಸುರಿಯ ಹೊಟ್ಟೆಗೆ ದಿನಕ್ಕೆ ಸೇರಬೇಕಾದ 60 ಮಿಲಿಗ್ರಾಂ ಕಬ್ಬಿಣ ಸೇರಿತೋ ಇಲ್ಲವೋ ಎಂದು ಬರೆದಿಡುವ ಪುಸ್ತಕ ಎಲ್ಲಿದೆ? 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದ ನಿಯಮ ಚೆನ್ನಾಗಿಯೇ ಇದೆ: ನಾಲ್ಕನೆಯ ತಿಂಗಳಿಂದ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ಮಾತ್ರೆ, ಆರು ತಿಂಗಳಿಂದ ಐದು ವರ್ಷದವರೆಗೆ ಮಗುವಿಗೆ ವಾರಕ್ಕೆ ಎರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್. ಆದರೆ ಲೆಕ್ಕಕ್ಕೆ ಸೇರುವುದು ಹಂಚಿದ ಮಾತ್ರೆ, ನುಂಗಿದ ಮಾತ್ರೆಯಲ್ಲ. ಪುಸ್ತಕ ಹಂಚಿದ ಮಾತ್ರಕ್ಕೆ ಮಗು ಪಾಠ ಕಲಿತಿತೆಂದು ನಾನು ಬರೆದಿದ್ದರೆ ಇನ್‌ಸ್ಪೆಕ್ಟರರು ಒಪ್ಪುತ್ತಿದ್ದರೇ? ಇಷ್ಟೆಲ್ಲ ಕೆಲಸವನ್ನು ಅಲ್ಪ ಗೌರವಧನಕ್ಕೆ ದುಡಿಯುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಹೊರಿಸಿ, ಫಲ ಬರಲಿಲ್ಲವೆಂದು ಅವರನ್ನೇ ಬೈಯುವುದು ಇನ್ನೊಂದು ಅನ್ಯಾಯ.

ಕಾಸು ಖರ್ಚಿಲ್ಲದ ಕೆಲಸವೊಂದಿದೆ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯುವುದು. ಆ ಸ್ವಲ್ಪ ಹೊತ್ತಿನಲ್ಲಿ ಮಾಸಿನಲ್ಲಿರುವ ರಕ್ತ ಮಗುವಿಗೆ ಹರಿದು ಬುತ್ತಿ ಇನ್ನಷ್ಟು ತುಂಬುತ್ತದೆ. ಸ್ವೀಡನ್ನಿನಲ್ಲಿ 400 ಶಿಶುಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ನಿಮಿಷ ಕಾದು ಬಳ್ಳಿ ಕತ್ತರಿಸಿದ ಶಿಶುಗಳಲ್ಲಿ ನಾಲ್ಕನೆಯ ತಿಂಗಳಿಗೆ ಕಬ್ಬಿಣದ ಕೊರತೆ ಬಹಳ ಕಡಿಮೆ ಕಂಡಿತು. ಮಗುವಿಗೆ ತುರ್ತು ಚಿಕಿತ್ಸೆ ಬೇಕಾದರೆ ಮಾತು ಬೇರೆ. ಉಳಿದಂತೆ ಕಾಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರವೂ ಹೇಳಿವೆ. ಹೆರಿಗೆಗೆ ಮುಂಚೆ ವೈದ್ಯರನ್ನು ಕೇಳಿ, ಸಂಕೋಚ ಬೇಡ. ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವಾಗ ಇಲ್ಲದ ಸಂಕೋಚ ಇದಕ್ಕೇಕೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಅಜ್ಜಂದಿರು, ಅಜ್ಜಿಯರು. ಗಂಡಸರಿಗೂ ಹೇಳುತ್ತಿದ್ದೇನೆ, ಇದು “ಹೆಂಗಸರ ವಿಷಯ”ವೆಂದು ಪುಟ ತಿರುಗಿಸಬೇಡಿ. ನಿಮಗೆ ಒಂದೇ ಮನೆಪಾಠ ಕೊಡುತ್ತೇನೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಬಸುರಿಯೋ ಬಾಣಂತಿಯೋ ಇದ್ದರೆ, ಡಬ್ಬಿಯಲ್ಲಿರುವ ಮಾತ್ರೆಯ ಹಾಳೆಯನ್ನು ತೆಗೆದು ನೋಡಿ; ಎಷ್ಟು ಖಾಲಿಯಾಗಿದೆ ಎಂದು ಎಣಿಸಿ. ಕಡಿಮೆಯಾಗಿರದಿದ್ದರೆ ಗದರಿಸಬೇಡಿ. ಊಟಕ್ಕೆ ಕೂರುವಾಗ ಮೊದಲ ತಟ್ಟೆಯನ್ನು ಆಕೆಗೆ ಹಾಕಿ, ರಾತ್ರಿ ಒಂದು ಲೋಟ ಲಿಂಬೆ ನೀರಿನ ಜೊತೆ ಮಾತ್ರೆಯನ್ನು ನೀವೇ ಕೊಡಿ. ಮಗುವಿಗೆ ಆರು ತಿಂಗಳಾದಾಗ ಸಿರಪ್ ಎಲ್ಲಿ ಎಂದು ಅಂಗನವಾಡಿಯಲ್ಲಿ ಕೇಳಿ.

ಬಯಕೆಯ ಮನೆಗೆ ನಾನು ಮೊನ್ನೆ ಮತ್ತೆ ಹೋಗಿದ್ದೆ. ತೆಂಗಿನ ಮರದ ಬುಡದ ಕಥೆಯನ್ನು ಆ ಹುಡುಗಿಗೂ, ಅಂದು ನಕ್ಕ ಹಿರಿಯರಿಗೂ ಹೇಳಿದೆ. ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ನಾನು ಬಾವಿಗೆ ಹಾಕಿದ್ದೆ” ಎಂದರು.

ನಿಮ್ಮ ಟೀಚರ್